ಊರಿನ ಹಳೇ ಕಲ್ಲು ಕಟ್ಟಡ ಯಾರದು? ಒಡೆತನದ ಕಥೆ ಹುಡುಕುವುದು ಹೇಗೆ

ನಿಮ್ಮೂರಲ್ಲೂ ಒಂದು ಇರುತ್ತದೆ. ಪೇಟೆ ಬೀದಿಯ ಮೂಲೆಯಲ್ಲೋ, ಹಳೇ ಕೋಟೆ ಬಾಗಿಲ ಹತ್ತಿರವೋ. ಸೈಜುಗಲ್ಲಿನ ಗೋಡೆ, ಎದೆಯುದ್ದ ಎತ್ತರದ ಜಗಲಿ, ಕಲ್ಲಿನ ಕಂಬ. ಬಸ್ ಇಳಿದವರು ದಾರಿ ಕೇಳಿದರೆ ಅದನ್ನೇ ಗುರುತು ಹೇಳುತ್ತೇವೆ. ಆದರೆ ಅದು ಯಾರದು ಅಂತ ಕೇಳಿ ನೋಡಿ. ಒಬ್ಬರು ಸಾಹುಕಾರರದು ಅಂತಾರೆ, ಇನ್ನೊಬ್ಬರು ಮುನ್ಸಿಪಾಲ್ಟಿಯದು ಅಂತಾರೆ, ಮತ್ತೊಬ್ಬರು ದೇವಸ್ಥಾನದ್ದು ಅಂತಾರೆ.

ನಮ್ಮ ತಾಲ್ಲೂಕು ಕೇಂದ್ರದಲ್ಲಿ ಅಂಥ ಒಂದು ಕಟ್ಟಡದ ಹಿಂದೆ ನಾನು ಎರಡು ವರ್ಷ ಬಿಡುವಾದಾಗಲೆಲ್ಲ ಓಡಾಡಿದ್ದೇನೆ. ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಇದು ಆಸ್ತಿ ಕೊಳ್ಳುವವರಿಗೆ ಬರೆದದ್ದಲ್ಲ, ಕೊಳ್ಳುವುದಾದರೆ ಒಳ್ಳೆ ವಕೀಲರನ್ನು ನೋಡಿ. ಊರಿನ ಕಟ್ಟಡದ ಕಥೆ ತಿಳಿಯಬೇಕು, ಬರೆದಿಡಬೇಕು ಅನ್ನುವ ಆಸೆ ಇರುವವರಿಗೆ ಇದು.

ಹೆಸರಿಗಿಂತ ಮೊದಲು ದುಡ್ಡು ನೋಡಿ

ಕಾಗದಪತ್ರಕ್ಕೆ ಹೋಗುವ ಮುಂಚೆ ಒಂದು ವಿಷಯ ತಲೆಯಲ್ಲಿರಲಿ. ಒಡೆತನ ಅಂದರೆ ಬರೀ ಹೆಸರುಗಳ ಪಟ್ಟಿ ಅಲ್ಲ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೇಗೆ ಹೋಯಿತು, ಯಾರ ದುಡ್ಡಿನಲ್ಲಿ ಹೋಯಿತು ಅನ್ನುವುದೇ ಮುಖ್ಯ. ಬೆಂಗಳೂರಿನ ಎರಡು ದೊಡ್ಡ ಮನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ.

ಈಗಿನ ರಾಜಭವನ ಮೊದಲು ಮೈಸೂರಿನ ಬ್ರಿಟಿಷ್ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ತಮಗಾಗಿ ಕಟ್ಟಿಸಿಕೊಂಡ ಮನೆ. 1840ರ ದಶಕದ ಶುರುವಿನದು. 1861ರಲ್ಲಿ ಕಬ್ಬನ್ ಕೆಲಸ ಬಿಟ್ಟು ಹೊರಟರು, ದಾರಿಯಲ್ಲಿ ಸೂಯೆಜ್‌ನಲ್ಲೇ ತೀರಿಕೊಂಡರು. ಅವರ ನಂತರ ಕಮಿಷನರ್ ಆಗಿ ಬಂದ ಲೂಯಿನ್ ಬೌರಿಂಗ್ ಆ ಮನೆಯನ್ನು ಸರ್ಕಾರದ ದುಡ್ಡಿನಲ್ಲಿ ಕೊಂಡರು. ಅಲ್ಲಿಗೆ ಅದು ಸರ್ಕಾರದ ಮನೆ ಆಯಿತು. ಕಮಿಷನರ್ ಇದ್ದರು, ರೆಸಿಡೆಂಟ್ ಇದ್ದರು, ಈಗ ರಾಜ್ಯಪಾಲರು ಇದ್ದಾರೆ. ಒಡೆತನದ ಬಗ್ಗೆ ಯಾರೂ ಮಾತಾಡುವುದಿಲ್ಲ.

ಇನ್ನು ಬೆಂಗಳೂರು ಅರಮನೆ. ಆ ಆಸ್ತಿ ಮೊದಲು ರೆವರೆಂಡ್ ಗ್ಯಾರೆಟ್ ಅವರದಾಗಿತ್ತು. ಅವರು ಸೆಂಟ್ರಲ್ ಹೈಸ್ಕೂಲಿನ ಮೊದಲ ಪ್ರಿನ್ಸಿಪಾಲ್, ಆ ಶಾಲೆಯೇ ಮುಂದೆ ಸೆಂಟ್ರಲ್ ಕಾಲೇಜ್ ಆದದ್ದು. 1873ರಲ್ಲಿ ಅವರಿಂದ 40,000 ರೂಪಾಯಿಗೆ ಇದನ್ನು ಕೊಂಡರು. ಕೊಂಡದ್ದು ಚಾಮರಾಜೇಂದ್ರ ಒಡೆಯರ್ ಹೆಸರಿಗೆ. ಅವರು ಹುಟ್ಟಿದ್ದು 1863ರಲ್ಲಿ, ಅಂದರೆ ಆಗ ಹತ್ತು ವರ್ಷದ ಹುಡುಗ. ಆಡಳಿತ ಇದ್ದದ್ದು ಬ್ರಿಟಿಷ್ ಕಮಿಷನರುಗಳ ಕೈಯಲ್ಲಿ, 1831ರಿಂದ 1881ರವರೆಗೆ ಹಾಗೇ ಇತ್ತು. ಹುಡುಗನ ಪರವಾಗಿ ಪೋಷಕರಾಗಿದ್ದ ಬ್ರಿಟಿಷ್ ಅಧಿಕಾರಿಗಳು ಕೊಂಡರು, ಆದರೆ ದುಡ್ಡು ರಾಜ್ಯದ ಖಜಾನೆಯದಲ್ಲ, ಹುಡುಗನ ಸ್ವಂತದ್ದು.

ನೋಡಿ, ಎರಡೂ ಒಂದೇ ಊರು. ನಡುವೆ ಹತ್ತು ಹನ್ನೊಂದು ವರ್ಷ ಅಷ್ಟೇ. ಎರಡು ಕಡೆಯೂ ಮುಂದೆ ನಿಂತು ವ್ಯವಹಾರ ಮಾಡಿದ್ದು ಬ್ರಿಟಿಷ್ ಅಧಿಕಾರಿಗಳೇ. ದುಡ್ಡಿನ ಚೀಲ ಮಾತ್ರ ಬೇರೆ. ಮೈಸೂರು ಸಂಸ್ಥಾನ ಭಾರತಕ್ಕೆ ಸೇರಿದ ಮೇಲೆ, 1950ರಲ್ಲಿ ಮಹಾರಾಜರ ಖಾಸಗಿ ಆಸ್ತಿ ಯಾವುದು, ರಾಜ್ಯದ ಆಸ್ತಿ ಯಾವುದು ಅಂತ ವಿಂಗಡಿಸುವಾಗ ಬೆಂಗಳೂರು ಅರಮನೆ ಖಾಸಗಿ ಕಡೆಗೆ ಹೋಯಿತು. 1996ರಲ್ಲಿ ರಾಜ್ಯ ಸರ್ಕಾರ ಕಾಯ್ದೆ ಮಾಡಿ 472 ಎಕರೆ 16 ಗುಂಟೆ ಅರಮನೆ ಜಾಗವನ್ನು 11 ಕೋಟಿ ರೂಪಾಯಿಗೆ ವಶಕ್ಕೆ ತೆಗೆದುಕೊಳ್ಳಲು ಹೊರಟಿತು. 1997ರಲ್ಲಿ ಹೈಕೋರ್ಟ್ ಆ ಕಾಯ್ದೆ ಸರಿ ಅಂದಿತು, ರಾಜವಂಶದವರು ಸುಪ್ರೀಂ ಕೋರ್ಟಿಗೆ ಹೋದರು. ರಸ್ತೆ ಅಗಲ ಮಾಡಲು ಬೇಕಾದ 15 ಎಕರೆ 39 ಗುಂಟೆಗೆ ಟಿ.ಡಿ.ಆರ್. (ಬಿಟ್ಟುಕೊಟ್ಟ ಜಾಗಕ್ಕೆ ಬದಲಾಗಿ ಬೇರೆ ಕಡೆ ಕಟ್ಟಲು ಅಥವಾ ಮಾರಲು ಕೊಡುವ ಹಕ್ಕು) ಕೊಡಬೇಕು ಅನ್ನುವ ಜಗಳ 2024ರ ಡಿಸೆಂಬರ್‌ನಲ್ಲೂ ಅದೇ ಕೋರ್ಟಿನಲ್ಲಿ ನಡೆಯುತ್ತಿತ್ತು. ಒಂದೂವರೆ ಶತಮಾನದ ಹಿಂದೆ ಯಾರ ಜೇಬಿನಿಂದ ದುಡ್ಡು ಹೋಯಿತು ಅನ್ನುವ ಪ್ರಶ್ನೆಯ ಬೇರು ಇಷ್ಟು ದೂರ ಬಂದಿದೆ.

ಅದೇ ಅರಮನೆಯಿಂದ ಇನ್ನೊಂದು ಪಾಠ ಇದೆ. ಅದರ ಬಗ್ಗೆ ಓದಲು ಹೋದರೆ 1862, 1873, 1884 ಅಂತ ಬೇರೆಬೇರೆ ವರ್ಷ ಸಿಗುತ್ತದೆ. ಕಟ್ಟಲು ಶುರು ಮಾಡಿದ್ದು, ಕೊಂಡದ್ದು, ದೊಡ್ಡದು ಮಾಡಿದ್ದು ಎಲ್ಲವನ್ನೂ ಒಂದೇ ವರ್ಷಕ್ಕೆ ಗಂಟು ಹಾಕಿದರೆ ಹೀಗಾಗುತ್ತದೆ. ಜಾಗದ ಕಥೆ ಬೇರೆ, ಕಟ್ಟಡದ ಕಥೆ ಬೇರೆ. ನೋಟ್‌ಬುಕ್ಕಿನಲ್ಲಿ ಮೊದಲ ದಿನದಿಂದಲೇ ಎರಡು ಪುಟ ಮಾಡಿ, ಒಂದು ಜಾಗಕ್ಕೆ, ಒಂದು ಕಟ್ಟಡಕ್ಕೆ.

ಮೊದಲು ಕಟ್ಟಡದ ಮುಂದೆ ನಿಲ್ಲಿ

ಆಫೀಸಿಗೆ ಆಮೇಲೆ ಹೋಗೋಣ. ಮೊದಲು ಕಟ್ಟಡದ ಹತ್ತಿರವೇ ಒಂದು ಬೆಳಿಗ್ಗೆ, ಒಂದು ಸಂಜೆ ಕಳೆಯಿರಿ. ಒಳಗೆ ಹೋಗಬೇಕಾದರೆ ಅಲ್ಲಿ ಇರುವವರನ್ನು ಕೇಳಿಯೇ ಹೋಗಿ. ಬಾಗಿಲ ಮೇಲಿನ ಕಲ್ಲು, ಕಂಬದ ಬುಡ, ಬಾವಿಕಟ್ಟೆ, ಹಿತ್ತಲ ಬಾಗಿಲು, ತೊಲೆಗಳ ತುದಿ, ಎಲ್ಲ ನೋಡಿ.

ನಮ್ಮ ಕಟ್ಟಡದ ಬಾಗಿಲ ಮೇಲೆ ಏನೋ ಕೆತ್ತಿದ ಹಾಗೆ ಕಾಣುತ್ತಿತ್ತು, ಆದರೆ ವರ್ಷಾನುಗಟ್ಟಲೆ ಸುಣ್ಣ ಬಳಿದು ಅಕ್ಷರ ಮುಚ್ಚಿಹೋಗಿತ್ತು. ಕೆಲವರು ಸೀಮೆಸುಣ್ಣ ತಿಕ್ಕಿ ಓದುತ್ತಾರೆ, ಇನ್ನು ಕೆಲವರು ತಂತಿ ಬ್ರಷ್ ಹಾಕಿ ಉಜ್ಜುತ್ತಾರೆ. ದಯವಿಟ್ಟು ಎರಡೂ ಮಾಡಬೇಡಿ, ಕಲ್ಲು ಹಾಳಾಗುತ್ತದೆ. ಕತ್ತಲಾದ ಮೇಲೆ ಏಣಿ ಹಾಕಿ, ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಅಂಟಿಸಿದ ಹಾಗೆ ಹಿಡಿದು ಅಡ್ಡಕ್ಕೆ ಬೆಳಕು ಬಿಡಿ. ಕೆತ್ತಿದ ಗೆರೆಯಲ್ಲಿ ನೆರಳು ಕೂರುತ್ತದೆ. ನಾವು ಹಾಗೆ ಮಾಡಿದಾಗ ಮೊದಲು "ಶ್ರೀ" ಕಂಡಿತು, ಆಮೇಲೆ ನಿಧಾನಕ್ಕೆ "ಪ್ಲವ ಸಂ" ಅಂತ ಎದ್ದು ಬಂತು. ಮುಂದಿನದು ಸುಣ್ಣದ ಕೆಳಗೇ ಉಳಿಯಿತು. ನನ್ನ ಜೊತೆ ಬಂದ ಹುಡುಗ ಟಾರ್ಚ್ ಹಿಡಿದ ಕೈ ಇಳಿಸಲೇ ಇಲ್ಲ, ಹತ್ತು ನಿಮಿಷ ಹಾಗೇ ನಿಂತಿದ್ದ.

ಸಂವತ್ಸರ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರುತ್ತದೆ ಅಲ್ವಾ, ಹಾಗಾಗಿ ಹತ್ತಿರದ ಒಂದು ವರ್ಷ ಗೊತ್ತಿದ್ದರೆ ಹಿಂದಕ್ಕೆ ಎಣಿಸಬಹುದು. 2021ರ ಯುಗಾದಿಗೆ ಪ್ಲವ ಶುರುವಾಯಿತು. ಅದರ ಹಿಂದಿನದು 1961, ಅದಕ್ಕೂ ಹಿಂದೆ 1901, ಇನ್ನೂ ಹಿಂದೆ 1841. ಯಾವುದು? ನಮ್ಮ ಕಟ್ಟಡದ ಮಾಳಿಗೆಗೆ ಕಬ್ಬಿಣದ ತೊಲೆ ಹಾಕಿದ್ದಾರೆ, 1841ರಲ್ಲಿ ನಮ್ಮಂಥ ಊರಿಗೆ ಅದು ಬಂದಿರಲಾರದು. 1961ರಲ್ಲಿ ಕಟ್ಟಿದ್ದರೆ ಊರಿನ ಹಿರಿಯರು ಕಣ್ಣಾರೆ ನೋಡಿರುತ್ತಿದ್ದರು. ಹಾಗಾಗಿ 1901. ಶಕವರ್ಷ ಕೆತ್ತಿದ್ದರೆ ಇನ್ನೂ ಸುಲಭ, 78 ಕೂಡಿಸಿದರೆ ಇಸವಿ. ಹೈದರಾಬಾದ್, ಮದ್ರಾಸ್ ಕಡೆಯ ಹಳೇ ಕಾಗದದಲ್ಲಿ ಫಸಲಿ ವರ್ಷ ಇರುತ್ತದೆ, ಅದಕ್ಕೆ 590 ಕೂಡಿಸಿ. ವರ್ಷ ಶುರುವಾಗುವ ತಿಂಗಳು ಬೇರೆ ಆದ್ದರಿಂದ ಒಂದು ವರ್ಷ ಆಚೀಚೆ ಆಗಬಹುದು.

ಇನ್ನೂ ಹಳೆಯ ಕಟ್ಟಡ, ಪೂರ್ತಿ ಶಾಸನ ಇದ್ದರೆ ಅದನ್ನು ಯಾರೋ ಆಗಲೇ ಓದಿರುವ ಸಾಧ್ಯತೆ ಜಾಸ್ತಿ. ಹಳೇ ಮೈಸೂರಿನ ಶಾಸನಗಳನ್ನು ಬಿ.ಎಲ್. ರೈಸ್ ಮುಂದಾಳತ್ವದಲ್ಲಿ ತಾಲ್ಲೂಕುವಾರು ಅಚ್ಚು ಮಾಡಿದ್ದಾರೆ. ಜಿಲ್ಲಾ ಗ್ರಂಥಾಲಯದಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟ ಕೇಳಿ, ನಿಮ್ಮ ತಾಲ್ಲೂಕಿನ ಪುಟ ತೆಗೆಯಿರಿ.

ಈಗಿನ ನಂಬರಿನಿಂದ ಹಿಂದಕ್ಕೆ

ಹುಡುಕಾಟವನ್ನು ಹಳೇ ಕಾಲದಿಂದ ಶುರು ಮಾಡಬೇಡಿ. ಇವತ್ತಿನಿಂದ ಹಿಂದಕ್ಕೆ ಹೋಗಿ. ಅದಕ್ಕೆ ಬೇಕಾದ್ದು ಕಟ್ಟಡದ ಈಗಿನ ನಂಬರ್. ಪಟ್ಟಣವಾದರೆ ನಗರಸಭೆ ಅಥವಾ ಪುರಸಭೆಯ ಖಾತಾ ನಂಬರ್. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಕಡೆಯಾದರೆ ಸಿಟಿ ಸರ್ವೆ ಆಫೀಸಿನ ಸಿ.ಟಿ.ಎಸ್. ನಂಬರ್, ಅದರ ಜೊತೆ ಆಸ್ತಿ ಕಾರ್ಡ್ ಸಿಗುತ್ತದೆ, ಮತ್ತು ಆ ಕಾರ್ಡಿನಲ್ಲಿ ಹೆಸರು ಬದಲಾದಾಗೆಲ್ಲ ಯಾಕೆ ಬದಲಾಯಿತು ಅಂತ ಒಂದೊಂದು ಸಾಲು ಬರೆದಿರುತ್ತಾರೆ, ಇದು ನಮ್ಮ ಕಡೆಯವರಿಗೆ ಇಲ್ಲದ ದೊಡ್ಡ ಭಾಗ್ಯ. ಹಳ್ಳಿಯಾದರೆ ಪಂಚಾಯ್ತಿಯ ಇ-ಸ್ವತ್ತು, ಅಂದರೆ ಕಂಪ್ಯೂಟರಿನಲ್ಲಿರುವ ಆಸ್ತಿ ದಾಖಲೆ. ಗ್ರಾಮಠಾಣದ, ಅಂದರೆ ಊರಿನ ವಾಸದ ಜಾಗದ ಒಳಗಿನ ಮನೆಗೆ ಪಹಣಿ ಇರುವುದಿಲ್ಲ, ಅದನ್ನು ಹುಡುಕುತ್ತಾ ತಾಲ್ಲೂಕು ಆಫೀಸ್ ಸುತ್ತಬೇಡಿ. ಕಟ್ಟಡ ಹೊಲದ ಸರ್ವೆ ನಂಬರಿನಲ್ಲಿದ್ದರೆ ಮಾತ್ರ ಪಹಣಿ, ಎಂ.ಆರ್. (ಹೆಸರು ಬದಲಾವಣೆಯ ರಿಜಿಸ್ಟರ್), ಟಿಪ್ಪಣಿ (ಸರ್ವೆ ಅಳತೆಯ ನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ಕೆಲಸಕ್ಕೆ ಬರುತ್ತವೆ.

ಇಲ್ಲೇ ಜನ ಎಡವುವುದು. ಖಾತೆಯಲ್ಲಿ ಹೆಸರಿದ್ದವರೇ ಮಾಲೀಕರು ಅಂತ ಬರೆದುಬಿಡುತ್ತಾರೆ. ಖಾತೆ ಅಂದರೆ ಕಂದಾಯ ಕಟ್ಟುವವರ ಹೆಸರು, ಅಷ್ಟೇ. ಖಾತೆಯಿಂದ ಒಡೆತನ ಹುಟ್ಟುವುದಿಲ್ಲ ಅಂತ ಕೋರ್ಟುಗಳು ಎಷ್ಟೋ ಸಲ ಹೇಳಿವೆ. ಅಣ್ಣತಮ್ಮಂದಿರು ನಾಲ್ಕು ಜನ ಇದ್ದರೂ ದೊಡ್ಡಣ್ಣನ ಹೆಸರಿನಲ್ಲೇ ಖಾತೆ ಇರುತ್ತದೆ. ಬಾಡಿಗೆದಾರ ಕಂದಾಯ ಕಟ್ಟಿ ಕಟ್ಟಿ ಅವನ ಹೆಸರು ಬಂದದ್ದೂ ಉಂಟು. ಆದರೆ ಖಾತೆಯ ಹಳೇ ರಿಜಿಸ್ಟರ್ ಬಹಳ ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ಹೆಸರು ಯಾವ ವರ್ಷ ಬದಲಾಯಿತು ಅನ್ನುವುದು ಅಲ್ಲಿ ಕಾಣುತ್ತದೆ. ಆ ವರ್ಷವೇ ನಿಮಗೆ ಮುಂದಿನ ಬಾಗಿಲು.

ಇನ್ನು ಇ.ಸಿ. ಅಂದರೆ ಋಣಭಾರ ಪ್ರಮಾಣಪತ್ರ, ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ. 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲೇ ಸಿಗುತ್ತದೆ. ಅದಕ್ಕಿಂತ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅರ್ಜಿ ಹಾಕಿ, ಅವರು ಕೈಯಿಂದ ಹುಡುಕಿ ಕೊಡಬೇಕು. ವ್ಯವಹಾರ ನಡೆದಿದ್ದರೆ ಫಾರಂ 15, ಏನೂ ಇಲ್ಲದಿದ್ದರೆ ಫಾರಂ 16. ಫಾರಂ 16 ಬಂತು ಅಂತ ಕೈ ಬಿಡಬೇಡಿ. ನೋಂದಣಿ ಆಗದ ಪಾಲುಪಟ್ಟಿ ಇ.ಸಿ.ಯಲ್ಲಿ ಕಾಣುವುದಿಲ್ಲ, ಪೌತಿ ಖಾತೆ (ಮಾಲೀಕರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಆದ ಖಾತೆ) ಕಾಣುವುದಿಲ್ಲ, ಉಯಿಲು ಕಾಣುವುದಿಲ್ಲ. ಆಸ್ತಿ ಮೂರು ತಲೆಮಾರು ಕೈ ಬದಲಾಗಿದ್ದರೂ ಇ.ಸಿ. ಖಾಲಿ ಇರಬಹುದು. ಮತ್ತೆ ಇ.ಸಿ. ಹುಡುಕುವುದು ನೀವು ಕೊಟ್ಟ ನಂಬರಿನ ಮೇಲೆ. ಪಟ್ಟಣದಲ್ಲಿ ಮನೆ ನಂಬರು ಪದೇಪದೇ ಬದಲಾಗಿರುತ್ತದೆ. ಹಳೇ ನಂಬರ್, ಹೊಸ ನಂಬರ್, ಎಲ್ಲವನ್ನೂ ಕೊಟ್ಟು ಬೇರೆಬೇರೆಯಾಗಿ ಹುಡುಕಿಸಿ. ಹಳೇ ನಂಬರ್ ಎಲ್ಲಿ ಸಿಗುತ್ತದೆ ಅಂದರೆ, ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆದ ತಗಡಿನ ಬಿಲ್ಲೆಯಲ್ಲಿ, ಹಳೇ ಕಂದಾಯ ರಸೀದಿಯಲ್ಲಿ, ಕೆಲವು ಸಲ ಕರೆಂಟ್ ಬಿಲ್ಲಿನಲ್ಲೇ.

ನೋಂದಣಿ ಪುಸ್ತಕ ಎಲ್ಲರಿಗೂ ತೆರೆದದ್ದು

"ನೀವು ಆಸ್ತಿಗೆ ಸಂಬಂಧಪಟ್ಟವರಾ? ಇಲ್ಲ ಅಂದರೆ ಕೊಡಲು ಬರುವುದಿಲ್ಲ." ಒಂದು ಕಚೇರಿಯಲ್ಲಿ ನನಗೆ ಹೀಗೆ ಹೇಳಿ ಮೂರು ಸಲ ವಾಪಸ್ ಕಳಿಸಿದರು. ನಾಲ್ಕನೇ ಸಲ ಕಾಯ್ದೆಯ ಆ ಪುಟವನ್ನು ಜೆರಾಕ್ಸ್ ಮಾಡಿಸಿಕೊಂಡು ಹೋದೆ. ಅದನ್ನು ನೀವೂ ತಿಳಿದುಕೊಂಡಿರಿ. 1908ರ ನೋಂದಣಿ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಸ್ಥಿರಾಸ್ತಿ ಪತ್ರಗಳ 1ನೇ ಪುಸ್ತಕ, ಅದರ ಸೂಚಿ, ಇವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ದೃಢೀಕೃತ ನಕಲನ್ನೂ ಪಡೆಯಬಹುದು. ಸಂಬಂಧಪಟ್ಟವರೇ ಆಗಬೇಕಿಲ್ಲ. ಉಯಿಲುಗಳಿರುವ 3ನೇ ಪುಸ್ತಕ ಹಾಗಲ್ಲ, ಬರೆದವರು ತೀರಿಕೊಂಡ ಮೇಲೆ ಮಾತ್ರ ಬೇರೆಯವರು ನಕಲು ಕೇಳಬಹುದು. ಸ್ಥಿರಾಸ್ತಿಗೆ ಸೇರದ ಇತರ ಪತ್ರಗಳ 4ನೇ ಪುಸ್ತಕ ಪತ್ರದ ಪಕ್ಷಗಾರರಿಗೆ ಮಾತ್ರ.

ಸೂಚಿ ಎರಡು ಥರ ಇರುತ್ತದೆ, ಒಂದು ಹೆಸರಿನ ಪ್ರಕಾರ, ಒಂದು ಆಸ್ತಿಯ ಪ್ರಕಾರ. ಹಳೇ ವರ್ಷಗಳಿಗೆ ಹೆಸರಿನ ಸೂಚಿಯೇ ಒಳ್ಳೆಯದು. ಹೆಸರನ್ನು ನಾಲ್ಕೈದು ಥರ ಬರೆದು ಇಟ್ಟುಕೊಳ್ಳಿ, ಯಾಕೆಂದರೆ ಆಗಿನ ಗುಮಾಸ್ತರು ಒಬ್ಬರು "ಯ್ಯ" ಬರೆದರೆ ಇನ್ನೊಬ್ಬರು "ಪ್ಪ" ಬರೆದಿರುತ್ತಾರೆ, ಮನೆತನದ ಹೆಸರು ಒಮ್ಮೆ ಹಿಂದೆ ಬಂದರೆ ಒಮ್ಮೆ ಬರುವುದೇ ಇಲ್ಲ. ತುಂಬಾ ಹಳೇ ಪುಸ್ತಕ ತಾಲ್ಲೂಕಿನಲ್ಲಿ ಇಲ್ಲ ಅಂದರೆ ಜಿಲ್ಲಾ ನೋಂದಣಿ ಕಚೇರಿಗೆ ಹೋಗಿದೆಯಾ ಅಂತ ವಿಚಾರಿಸಿ. ಇಲ್ಲ ಅನ್ನುವ ಉತ್ತರ ಬಂದರೆ ಬಾಯಿಮಾತಿನಲ್ಲಿ ಬಿಡಬೇಡಿ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು.

ಕ್ರಯಪತ್ರ ಕೈಗೆ ಬಂದ ಮೇಲೆ ಎಲ್ಲರೂ ಮೊದಲು ಹೆಸರು, ಬೆಲೆ ನೋಡುತ್ತಾರೆ. ನಾನು ಹೇಳುವುದು, ಮೊದಲು ಕೊನೆಯ ಪುಟದ ಚಕ್ಕುಬಂದಿ ಓದಿ. ಪೂರ್ವಕ್ಕೆ ರಾಜಬೀದಿ, ಪಶ್ಚಿಮಕ್ಕೆ ಇಂಥವರ ಹಿತ್ತಿಲು, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಇಂಥವರ ಮನೆ, ಹೀಗಿರುತ್ತದೆ. ನಂಬರು ಬದಲಾಗುತ್ತದೆ, ಹೆಸರು ಬದಲಾಗುತ್ತದೆ, ಆದರೆ ರಾಜಬೀದಿ ಪೂರ್ವಕ್ಕೇ ಇರುತ್ತದೆ. ಇದು ಅದೇ ಕಟ್ಟಡದ ಪತ್ರವೋ ಅಲ್ಲವೋ ಅಂತ ಖಚಿತ ಮಾಡುವುದು ಚಕ್ಕುಬಂದಿಯೇ. ಅಳತೆ ಗಜದಲ್ಲೋ ಮೊಳದಲ್ಲೋ ಇರಬಹುದು. ಮನೆಯನ್ನು ಅಂಕಣದ ಲೆಕ್ಕದಲ್ಲಿ ಹೇಳಿರಬಹುದು, ಅಂಕಣ ಅಂದರೆ ಕಂಬದಿಂದ ಕಂಬದ ನಡುವಿನ ಜಾಗ. ಕಟ್ಟಡಕ್ಕೆ ಹೋಗಿ ಎಣಿಸಿ, ಪತ್ರದಲ್ಲಿ ಒಂಬತ್ತು ಅಂಕಣ ಇದ್ದು ಈಗ ಹನ್ನೆರಡು ಇದ್ದರೆ ಮೂರು ಆಮೇಲೆ ಸೇರಿಸಿದ್ದು.

ಇನ್ನೊಂದು ಉಪಾಯ, ನನಗೆ ಇದೇ ದಾರಿ ತೋರಿಸಿದ್ದು. ನಿಮ್ಮ ಕಟ್ಟಡದ ಹಳೇ ಪತ್ರ ಸಿಗದಿದ್ದರೆ ಅಕ್ಕಪಕ್ಕದ ಮನೆಯವರ ಪತ್ರ ಕೇಳಿ. ಅವರ ಚಕ್ಕುಬಂದಿಯಲ್ಲಿ ನಿಮ್ಮ ಕಟ್ಟಡದ ಆಗಿನ ಮಾಲೀಕರ ಹೆಸರು ಇರುತ್ತದೆ. ನಮ್ಮ ಕಟ್ಟಡವನ್ನು ಊರೆಲ್ಲ ಸಾಹುಕಾರರ ಕಟ್ಟಡ ಅಂತ ಕರೆಯುವುದು. ಆ ಸಾಹುಕಾರರ ಹೆಸರಿನಲ್ಲಿ ಮೂವತ್ತು ವರ್ಷದ ಸೂಚಿ ಹುಡುಕಿದೆ, ಒಂದು ಸಾಲೂ ಸಿಗಲಿಲ್ಲ. ಕೊನೆಗೆ ಎಡಪಕ್ಕದ ಮನೆಯ ಅಜ್ಜಿ ಟ್ರಂಕಿನಿಂದ ತಮ್ಮ ಮಾವನ ಕಾಲದ ಕ್ರಯಪತ್ರ ತೆಗೆದು ತೋರಿಸಿದರು. ಮಡಿಕೆ ಇದ್ದಲ್ಲೆಲ್ಲ ಹರಿದು, ಹಿಂದಿನಿಂದ ತೆಳು ಬಟ್ಟೆ ಅಂಟಿಸಿದ ಕಾಗದ. ಅದರ ಚಕ್ಕುಬಂದಿಯಲ್ಲಿ ದಕ್ಷಿಣಕ್ಕೆ ಅಂತ ಒಬ್ಬ ಹೆಂಗಸಿನ ಹೆಸರಿತ್ತು. ಸಾಹುಕಾರರ ತಾಯಿ! ಆ ಹೆಸರಿನಲ್ಲಿ ಹುಡುಕಿದ ಕೂಡಲೇ 1899ರ ಕ್ರಯಪತ್ರ ಸಿಕ್ಕಿತು. ಕೊಂಡದ್ದು ಬರೀ ಖಾಲಿ ನಿವೇಶನ. ಎರಡು ವರ್ಷದ ಮೇಲೆ, ಪ್ಲವದಲ್ಲಿ, ಕಟ್ಟಡ ಎದ್ದಿದೆ. ಪತ್ರದೊಳಗೆ ಒಂದು ಮಾತು ಬರೆಸಿದ್ದರು, ಈ ಹಣ ಆಕೆಯ ಸ್ತ್ರೀಧನದ್ದು, ಗಂಡನ ಮನೆಯವರಿಗೆ ಇದರಲ್ಲಿ ಸಂಬಂಧ ಇಲ್ಲ ಅಂತ. ಆ ಸಾಲು ಓದಿದಾಗ ನನಗೆ ಮೈ ಜುಮ್ ಅಂದಿತು. ನೂರಿಪ್ಪತ್ತು ವರ್ಷ ಮಗನ ಹೆಸರಿನಲ್ಲಿ ಕರೆಸಿಕೊಂಡ ಕಟ್ಟಡ, ಕಟ್ಟಿಸಿದ್ದು ತಾಯಿ, ತನ್ನ ಒಡವೆಯ ದುಡ್ಡಿನಲ್ಲಿ. ಹಾಗಾಗಿ ಹುಡುಕುವಾಗ ಮನೆಯ ಹೆಂಗಸರ ಹೆಸರುಗಳನ್ನೂ ಮೊದಲ ದಿನದಿಂದಲೇ ಪಟ್ಟಿಯಲ್ಲಿ ಬರೆದುಕೊಳ್ಳಿ.

ಇನ್ನೂ ಹಿಂದೆ ಹೋಗಬೇಕಾದರೆ

ಇಲ್ಲಿಂದ ದಾರಿ ನಿಮ್ಮ ಊರು 1956ಕ್ಕೆ ಮುಂಚೆ ಯಾರ ಆಳ್ವಿಕೆಯಲ್ಲಿತ್ತು ಅನ್ನುವುದರ ಮೇಲೆ ಹೋಗುತ್ತದೆ. ಹಳೇ ಮೈಸೂರಿನವರು ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ, ಮೈಸೂರಿನ ವಿಭಾಗೀಯ ಪತ್ರಾಗಾರಕ್ಕೆ ಹೋಗಬೇಕು. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಮುಂಬೈ ಪ್ರಾಂತ್ಯದಲ್ಲಿದ್ದವು, ಧಾರವಾಡದಲ್ಲೂ ಪತ್ರಾಗಾರ ಇದೆ. ಅಲ್ಲಿನ ಹಳೇ ಕಾಗದ ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿಯ ಹಳೇ ಕೂಡುಬರಹದಲ್ಲಿ ಇರುವುದು ಸಾಮಾನ್ಯ, ಓದಿ ಹೇಳುವವರನ್ನು ಮೊದಲೇ ಹುಡುಕಿಕೊಳ್ಳಿ. ಬೀದರ್, ಕಲಬುರಗಿ, ರಾಯಚೂರಿನಲ್ಲಿ ನಿಜಾಮರ ಕಾಲದ ದಾಖಲೆ ಉರ್ದುವಿನಲ್ಲಿರುತ್ತದೆ. ದಕ್ಷಿಣ ಕನ್ನಡ ಮದ್ರಾಸಿನದು, ಬಳ್ಳಾರಿಯೂ 1953ರವರೆಗೆ ಅಲ್ಲಿಗೇ ಸೇರಿತ್ತು. ಕರಾವಳಿಯಲ್ಲಿ ವರ್ಗ ಒಬ್ಬರದು, ಮೂಲಗೇಣಿ ಇನ್ನೊಬ್ಬರದು ಆಗಿರಬಹುದು, ಅಂದರೆ ನೆಲ ಒಬ್ಬರದು, ಶಾಶ್ವತ ಗೇಣಿ ಹಕ್ಕಿನ ಮೇಲೆ ಕಟ್ಟಡ ಇನ್ನೊಬ್ಬರದು. ಬೆಂಗಳೂರಿನ ದಂಡು ಪ್ರದೇಶ 1947ರವರೆಗೆ ಬ್ರಿಟಿಷರ ಕೈಯಲ್ಲೇ ಇತ್ತು, ಆದ್ದರಿಂದ ಅಲ್ಲಿನ ಕಟ್ಟಡಕ್ಕೆ ಮೈಸೂರು ಸರ್ಕಾರದ ಕಡತ ಹುಡುಕಿದರೆ ಸಿಗುವುದು ಕಷ್ಟ.

ಕಟ್ಟಡ ಇನಾಂ ಜಮೀನಿನಲ್ಲಿದ್ದರೆ, ಅಂದರೆ ಹಿಂದೆ ಆಳುವವರು ದತ್ತಿಯಾಗಿ ಕೊಟ್ಟ ಜಮೀನಿನಲ್ಲಿದ್ದರೆ, ಒಂದು ವಿಷಯ ಮರೆಯಬೇಡಿ. 1954, 1955ರ ಕಾಯ್ದೆಗಳಲ್ಲಿ ಮೈಸೂರಿನ ಇನಾಂಗಳು ರದ್ದಾದವು, ಆ ಹೊತ್ತಿನಲ್ಲಿ ಯಾರು ಹಕ್ಕು ಕೇಳಿದರು, ಯಾರಿಗೆ ಕೊಟ್ಟರು ಅನ್ನುವ ಕಡತಗಳು ಕಥೆಯ ಖಜಾನೆ. ಮುಜರಾಯಿ ಛತ್ರವಾದರೆ ಮುಜರಾಯಿ ಇಲಾಖೆ, ಟ್ರಸ್ಟಿನದಾದರೆ ಟ್ರಸ್ಟ್ ಪತ್ರ. ಬೆಂಗಳೂರು ರೈಲ್ವೆ ಸ್ಟೇಷನ್ ಎದುರಿನ ಗುಬ್ಬಿ ತೋಟದಪ್ಪನವರ ಛತ್ರ ಇದೆಯಲ್ಲ, ವ್ಯಾಪಾರಿಯೊಬ್ಬರು ತಮ್ಮ ಗಳಿಕೆಯಲ್ಲಿ ಕಟ್ಟಿಸಿ, 1903ರಲ್ಲಿ ತೆರೆದು, ಧರ್ಮಕ್ಕೆ ಬಿಟ್ಟದ್ದು. ಅಂಥ ಕಟ್ಟಡಕ್ಕೆ ಮಾಲೀಕರ ಸರಪಳಿ ಹುಡುಕುವ ಬದಲು ಟ್ರಸ್ಟಿನ ನಿಯಮ, ಧರ್ಮದರ್ಶಿಗಳು ಯಾರ್ಯಾರು ಅಂತ ನೋಡಬೇಕು.

ಮಾರಾಟವೂ ಇಲ್ಲದೆ, ದಾನವೂ ಇಲ್ಲದೆ ಕೈ ಬದಲಾಗುವುದೂ ಉಂಟು. ಕಂದಾಯ ಬಾಕಿಗೆ ಹರಾಜು, ಸಾಲಕ್ಕೆ ಜಪ್ತಿ. ಯುದ್ಧವೂ ಕಾರಣ ಆಗಿದೆ. ಮಂಗಳೂರಿನಲ್ಲಿ ಜರ್ಮನರ ನಂಟಿದ್ದ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಹೆಂಚಿನ ಕಾರ್ಖಾನೆಗಳನ್ನು ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡಿತು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಅಲ್ಲಿ ಕ್ರಯಪತ್ರ ಹುಡುಕುತ್ತಾ ಕೂತರೆ ಏನೂ ಸಿಗುವುದಿಲ್ಲ, ಸರ್ಕಾರಿ ಆದೇಶ ಹುಡುಕಬೇಕು.

ಕೋರ್ಟ್ ತೀರ್ಪನ್ನು ಮಾತ್ರ ಬಿಡಬೇಡಿ. ದೊಡ್ಡ ಕಟ್ಟಡಕ್ಕೆ ಒಂದಲ್ಲ ಒಂದು ಕಾಲಕ್ಕೆ ಪಾಲಿನ ದಾವೆ ಬಿದ್ದೇ ಇರುತ್ತದೆ. ತೀರ್ಪಿನ ಮೊದಲ ಐದಾರು ಪುಟದಲ್ಲಿ ನ್ಯಾಯಾಧೀಶರು ಇಡೀ ಆಸ್ತಿಯ ಹಿನ್ನೆಲೆಯನ್ನು ವರ್ಷವಾರು ಹೇಳಿರುತ್ತಾರೆ, ಜೊತೆಗೆ ವಂಶವೃಕ್ಷ ಇರುತ್ತದೆ. ಅವರ ಮುಂದೆ ಎರಡೂ ಕಡೆಯವರ ಕಾಗದ ಇತ್ತು. ನಾವು ವರ್ಷಗಟ್ಟಲೆ ಹುಡುಕಿದರೂ ಅಷ್ಟು ಕಾಗದ ಒಟ್ಟಿಗೆ ಸಿಗುವುದಿಲ್ಲ. ಆದರೆ ವಾದಿ ಹೀಗೆ ಹೇಳುತ್ತಾರೆ ಅಂತ ಬರೆದದ್ದು ಬೇರೆ, ಕೋರ್ಟ್ ಒಪ್ಪಿದ್ದು ಬೇರೆ. ಓದುವಾಗ ಎರಡನ್ನೂ ಬೇರೆ ಬಣ್ಣದ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ.

ಸಂರಕ್ಷಿತ ಸ್ಮಾರಕ ಅಂತ ನೀಲಿ ಬೋರ್ಡ್ ಇದ್ದರೆ ಅದು ಸರ್ಕಾರದ ಆಸ್ತಿಯೇ ಅಂತ ಅಂದುಕೊಳ್ಳಬೇಡಿ. ರಕ್ಷಣೆ ಬೇರೆ, ಒಡೆತನ ಬೇರೆ. ಖಾಸಗಿಯವರದಾಗಿದ್ದೂ ಸಂರಕ್ಷಿತ ಆಗಿರಬಹುದು.

ಮನೆಯವರ ಜೊತೆ ಮಾತು

ಕುಟುಂಬದವರ ಹತ್ತಿರ ಹೋಗುವಾಗ ಕಾಗದ ಕೇಳಬೇಡಿ. ಕಾಗದ ಅಂದ ಕೂಡಲೇ ಯಾರಿಗೂ ಹೆದರಿಕೆ ಆಗುತ್ತದೆ, ಆಸ್ತಿ ಹೊಡೆಯಲು ಬಂದಿದ್ದಾರೆ ಅನ್ನಿಸುತ್ತದೆ. ಫೋಟೋ ಕೇಳಿ. ಮದುವೆ ಫೋಟೋದ ಹಿಂದೆ ಕಟ್ಟಡದ ಮುಂಭಾಗ ಕಾಣುತ್ತದೆ. ಆಮೇಲೆ ಮಾತು ತಾನಾಗಿ ಬರುತ್ತದೆ. ಯಾರ ಕಾಲದಲ್ಲಿ ಯಾವ ಕೋಣೆ ಬಾಡಿಗೆಗೆ ಕೊಟ್ಟರು, ಯಾವ ಗೋಡೆ ಪಾಲಾದ ಮೇಲೆ ಎದ್ದದ್ದು ಅಂತ ಕೇಳಿ. ಹಿರಿಯರಿಗೆ ಇಸವಿ ನೆನಪಿರುವುದಿಲ್ಲ, "ದೊಡ್ಡಕ್ಕನ ಮದುವೆ ಆದ ವರ್ಷ" ಅನ್ನುತ್ತಾರೆ. ಲಗ್ನಪತ್ರಿಕೆ ಹುಡುಕಿದರೆ ಇಸವಿ ಸಿಗುತ್ತದೆ.

ನಮ್ಮ ಕಟ್ಟಡದ ಮುಂದಿನ ಜಗಲಿಯಲ್ಲಿ ಒಂದು ಕಲ್ಲಿನ ತೊಟ್ಟಿ ಇದೆ. ದನಕ್ಕೆ ನೀರು ಕುಡಿಸಲು ಅಂತ ನಾನು ಅಂದುಕೊಂಡಿದ್ದೆ. ಅದು ಅರವಟ್ಟಿಗೆಯದು ಅಂತ ಸಾಹುಕಾರರ ಮೊಮ್ಮಗಳು ಹೇಳಿದರು, ಅವರಿಗೀಗ ಎಂಬತ್ತು ದಾಟಿದೆ. ಆಮೇಲೆ 1934ರ ದಾನಪತ್ರ ಸಿಕ್ಕಿತು. ಸಂತೆಗೆ ಬರುವವರಿಗೆ ನೀರು ಕೊಡಲು ಜಗಲಿಯ ಒಂದು ಭಾಗವನ್ನು ಅದೇ ತಾಯಿ ಧರ್ಮಕ್ಕೆ ಬರೆದುಕೊಟ್ಟಿದ್ದರು. ಮುನ್ಸಿಪಾಲ್ಟಿಯದು ಅನ್ನುವ ಮಾತು ಎಲ್ಲಿಂದ ಹುಟ್ಟಿತು ಅಂತ ಆಗ ಗೊತ್ತಾಯಿತು, ನೀರು ತುಂಬಿಸುವ ಕೆಲಸ ಮುಂದೆ ಅವರಿಗೆ ಬಂದಿತ್ತು.

ಸಿಕ್ಕಿದ್ದನ್ನು ಬರೆದಿಡುವಾಗ ಪ್ರತಿ ಸಾಲಿಗೂ ನಾಲ್ಕು ವಿಷಯ ಸೇರಿಸಿ. ಯಾವ ವರ್ಷ, ಯಾರಿಂದ ಯಾರಿಗೆ, ಹೇಗೆ, ಯಾವ ಕಾಗದದ ಆಧಾರ. ಕ್ರಯವೋ, ದಾನವೋ, ಪಾಲೋ, ಉಯಿಲೋ ಅನ್ನುವುದು ಇರಲೇಬೇಕು. ದಸ್ತಾವೇಜು ನಂಬರ್, ಪುಸ್ತಕ, ಸಂಪುಟ, ಪುಟ ಬರೆದುಕೊಳ್ಳದೆ ಆಫೀಸಿನಿಂದ ಎದ್ದು ಬರಬೇಡಿ. ಬಾಯಿಮಾತಿನ ಕಥೆಯನ್ನೂ ಬರೆಯಿರಿ, ಆದರೆ ಬಾಯಿಮಾತು ಅಂತಲೇ ಬರೆಯಿರಿ. ಈಗ ಬದುಕಿರುವವರ ಪಾಲು, ಸಾಲ, ಜಗಳ ಏನನ್ನೂ ಹೊರಗೆ ಹಾಕಬೇಡಿ. ನಕಲಿನಲ್ಲಿ ಆಧಾರ್ ನಂಬರ್, ಸಹಿ, ಹೆಬ್ಬೆಟ್ಟು ಇದ್ದರೆ ಮುಚ್ಚಿ. ಒಂದು ಪ್ರತಿ ಮನೆಯವರಿಗೆ ಕೊಡಿ, ಒಂದು ಪ್ರತಿ ಊರಿನ ಗ್ರಂಥಾಲಯಕ್ಕೆ.

ಆಧಾರ ಸಿಗದ ವರ್ಷಗಳನ್ನು ಊಹೆಯಿಂದ ತುಂಬಬೇಡಿ, ಖಾಲಿ ಬಿಡಿ. ನಮ್ಮ ಪಟ್ಟಿಯಲ್ಲಿ 1934ರ ದಾನಪತ್ರಕ್ಕೂ 1962ರ ವಿಭಾಗಪತ್ರಕ್ಕೂ ನಡುವೆ ಇಪ್ಪತ್ತೆಂಟು ವರ್ಷ ಖಾಲಿ ಇದೆ. ತಾಯಿ ಯಾವಾಗ ತೀರಿಕೊಂಡರು, ಉಯಿಲು ಬರೆದಿದ್ದರೋ ಇಲ್ಲವೋ ಅನ್ನುವುದು ಅಲ್ಲಿದೆ. 3ನೇ ಪುಸ್ತಕದ ಸೂಚಿಯಲ್ಲಿ ಹುಡುಕಿಕೊಡಿ ಅಂತ ಜಿಲ್ಲಾ ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ, ಮುಂದಿನ ವಾರ ಬರಲು ಹೇಳಿದ್ದಾರೆ.